ಮನೋವಿಜ್ಞಾನದ ಪದವಿಯೂ ಮುಂದಿನ ದಾರಿಯೂ

(ಪಾಲಕರ ಹಾಗೂ ಮೇಲ್ತರಗತಿಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ಇಯತ್ತೆ ದಾಟಿದ ನಮ್ಮ ಮಕ್ಕಳಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ, ಮನೋವಿಜ್ಞಾನ ಓದಬೇಕೆನ್ನುವವರು ಈಚೆಗೆ ಆಗಾಗ ನಮ್ಮನ್ನು ಕಾಣಲು ಬರುತ್ತಾರೆ. ಮನೆಯಲ್ಲಿ ಅವರಿಗೆ ದೊರೆಯುವ ಉತ್ತರ ಎರಡು ಬಗೆಯದು. ಕೆಲವರು “ಹುಚ್ಚರ ಸಹವಾಸ ನಿನಗೇಕೆ?” ಎನ್ನುತ್ತಾರೆ. ಇನ್ನು ಕೆಲವರು “ಬಿ.ಎ. ಮುಗಿದರೆ ಸಾಕು, ಬಾಗಿಲಿಗೆ ಫಲಕ ತೂಗುಹಾಕಿದರೆ ಜನ ತಾವಾಗಿ ಬರುತ್ತಾರೆ” ಎಂದು ಹಿಗ್ಗುತ್ತಾರೆ. ಮೊದಲನೆಯ ಮಾತು ಅಜ್ಞಾನದ್ದು; ಅದನ್ನು ತಿದ್ದಬಹುದು. ಎರಡನೆಯದರಿಂದ ಆಗುವ ಹಾನಿಯೇ ಹೆಚ್ಚಿನದೆಂದು ನಮಗೆ ತೋರುವುದರಿಂದ ಅದನ್ನು ಕುರಿತು ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ನಮ್ಮ ಮಿರಜ ವೈದ್ಯರ ಊರು. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಇಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಈ ಊರಿಗೆ ನಾಲ್ಕೂ ದಿಕ್ಕಿನಿಂದ ರೋಗಿಗಳು ಬರುತ್ತಿದ್ದಾರೆ. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಇಲ್ಲಿಯೇ ಆಯಿತು. ಇಂಥ ಊರಿನಲ್ಲಿ ಬೆಳೆದ ಮಕ್ಕಳು ಮನೋವೈದ್ಯನೆಂದರೂ ಮನೋವಿಜ್ಞಾನಿಯೆಂದರೂ ಒಂದೇ ಎಂದು ತಿಳಿಯುವುದು ಸಹಜ. ಆದರೆ ಇವು ಬೇರೆ ಬೇರೆ ದಾರಿಗಳು. ಮನೋವೈದ್ಯನು ಎಂ.ಬಿ.ಬಿ.ಎಸ್. ಮುಗಿಸಿ, ಅನಂತರ ಮನೋರೋಗಗಳ ವಿಷಯದಲ್ಲಿ ಉಚ್ಚ ಪದವಿ ಪಡೆದವನು. ಔಷಧ ಬರೆದುಕೊಡುವ ಅಧಿಕಾರ ಅವನದು. ಮನೋವಿಜ್ಞಾನ ಓದಿದವನು ಪರೀಕ್ಷೆಗಳಿಂದಲೂ ಮಾತುಕತೆಯಿಂದಲೂ ಮನಸ್ಸಿನ ಸ್ಥಿತಿಯನ್ನು ಅಳೆಯುತ್ತಾನೆ, ಚಿಕಿತ್ಸೆ ನಡೆಸುತ್ತಾನೆ, ಗುಳಿಗೆ ಬರೆದುಕೊಡುವುದಿಲ್ಲ. (ನಮ್ಮ ಭಾಗದ ಕಾಲೇಜುಗಳ ಮಾಹಿತಿ ಪುಸ್ತಿಕೆಗಳಲ್ಲಿ ಇದೇ ವಿಷಯ ಮರಾಠಿಯ ‘ಮಾನಸಶಾಸ್ತ್ರ’ ಎಂಬ ಹೆಸರಿನಿಂದ ಇರುತ್ತದೆ. ಹೆಸರು ಬೇರೆಯಾಯಿತೆಂದು ಗಾಬರಿಯಾಗಬೇಡಿರಿ.)

ಚಿಕಿತ್ಸೆ ನಡೆಸುವ ಮನೋವಿಜ್ಞಾನಿ ಯಾರೆಂಬುದನ್ನು ಕಾಯ್ದೆಯೇ ಗೊತ್ತುಪಡಿಸಿದೆ. 1992ರ ಕಾಯ್ದೆಯ ಮೇರೆಗೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 1000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಪರಿಷತ್ತು ಒಪ್ಪಿದ ಶಿಕ್ಷಣವನ್ನೇ ಕೇಳುತ್ತದೆ. ಆದುದರಿಂದ ಲೆಕ್ಕ ಹೀಗಾಗುತ್ತದೆ: ಹನ್ನೆರಡನೆಯ ಇಯತ್ತೆಯ ಮೇಲೆ ಬಿ.ಎ.ಗೆ ಮೂರು ವರ್ಷ, ಎಂ.ಎ.ಗೆ ಎರಡು ವರ್ಷ, ಆಮೇಲೆ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಎರಡು ವರ್ಷದ ತರಬೇತಿ. ಈ ತರಬೇತಿಯು ಬಹುಕಾಲ ಎಂ.ಫಿಲ್. ಎಂಬ ಹೆಸರಿನಿಂದ ನಡೆಯಿತು, ಅದಕ್ಕೆ ಎಂ.ಎ.ಯಲ್ಲಿ ಸಾಮಾನ್ಯವಾಗಿ ನೂರಕ್ಕೆ 55 ಗುಣ ಬೇಕಾಗುತ್ತಿದ್ದವು. ವಿಶ್ವವಿದ್ಯಾಲಯಗಳ ಅನುದಾನ ಆಯೋಗವು 2022ರಲ್ಲಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತಾದರೂ ಈ ವಿಷಯಕ್ಕೆ 2025–26ರವರೆಗೆ ಪ್ರವೇಶಕ್ಕೆ ಅವಕಾಶವಿತ್ತಿತು. ಅದರ ಸ್ಥಾನದಲ್ಲಿ ಹೊಸ ಶಿಕ್ಷಣಕ್ರಮಗಳು ಬರುತ್ತಿವೆ. ನೆರೆಮನೆಯವರ ಮಗಳು ಹತ್ತು ವರ್ಷದ ಹಿಂದೆ ಹಿಡಿದ ದಾರಿಯನ್ನು ಕಣ್ಣುಮುಚ್ಚಿ ಹಿಡಿಯದೆ, ಪರಿಷತ್ತಿನ ಆ ವರ್ಷದ ಯಾದಿಯನ್ನೇ ನೋಡಿಕೊಳ್ಳಬೇಕು.

“ಇಷ್ಟು ವರ್ಷವೇ?” ಎಂದು ಪಾಲಕರು ನಿಟ್ಟುಸಿರುಬಿಡಬಹುದು. ನಿದ್ರೆ ಬಾರದು, ಎದೆ ಬಡಿದುಕೊಳ್ಳುತ್ತದೆ ಎಂದು ಒಬ್ಬಾಕೆ ಬಂದು ಹೇಳಿದರೆ ಅದು ಮನಸ್ಸಿನ ದುಗುಡವೋ, ಕೊರಳಿನ ಥೈರಾಯ್ಡ್ ಗ್ರಂಥಿಯ ದೋಷವೋ ಎಂದು ಸಂಶಯಪಡಲು ಕಲಿಯಬೇಕು. ಬಾಳು ಬೇಸರವಾಗಿದೆ ಎಂದವನು ಬರಿಯ ಮಾತಿಗೆ ಹಾಗೆಂದನೋ, ಅಂದು ರಾತ್ರಿ ಅವನನ್ನು ಒಬ್ಬನನ್ನೇ ಬಿಡಬಾರದೋ ಎಂಬುದನ್ನು ತಿಳಿಯಬೇಕು. ಪುಸ್ತಕ ಓದಿದ ಮಾತ್ರಕ್ಕೆ ಇದು ಬಾರದು. ಮೂರು ತಿಂಗಳ ಪ್ರಮಾಣಪತ್ರವನ್ನು ಕಟ್ಟುಹಾಕಿಸಿ ಗೋಡೆಗೆ ತೂಗಿಸಿದವನು ಇಲ್ಲಿ ಎಡವಿದರೆ ಕಳೆದುಹೋಗುವುದು ಒಂದು ಜೀವ.

ಇನ್ನು ನಮ್ಮ ಮಕ್ಕಳಿಗೇ ವಿಶೇಷವಾಗಿ ಸಲ್ಲುವ ಮಾತು. ಜತ್ತ ತಾಲೂಕಿನಿಂದಲೂ, ಗಡಿಯಾಚೆಯ ಅಥಣಿ, ಕಾಗವಾಡ, ರಾಯಬಾಗಗಳಿಂದಲೂ ಕನ್ನಡದ ಜನ ಮಿರಜದ ದವಾಖಾನೆಗಳಿಗೆ ಬರುತ್ತಾರೆ. ಕಾಲು ಮುರಿದವನಿಗೆ ಭಾಷೆ ಅಷ್ಟಾಗಿ ಅಡ್ಡಬಾರದು. ಬೆರಳುಮಾಡಿ ತೋರಿಸಿದರೂ ನಡೆಯುತ್ತದೆ. ಮನಸ್ಸಿನ ನೋವನ್ನು ಹೇಗೆ ತೋರಿಸುವುದು? “ಜೀವಕ್ಕ ಸಮಾಧಾನ ಇಲ್ಲರೀ”, “ತಲಿ ಭಣಭಣ ಅಂತೈತಿ”, “ಎದಿ ಝಲ್ ಅಂತೈತಿ” ಎನ್ನುವ ತಾಯಿಯ ಮಾತನ್ನು ಜೊತೆಗೆ ಬಂದ ಮೈದುನನು ಮರಾಠಿಗೆ ತಿರುಗಿಸಿ, “ತಲೆನೋವಂತೆ” ಎಂದು ಮುಗಿಸಿಬಿಡುತ್ತಾನೆ. ಅದು ಅವನ ತಪ್ಪಲ್ಲ. ಆಕೆಯೂ ಮೈದುನನ ಎದುರಿನಲ್ಲಿ ಮನೆಯ ಸಂಕಟವನ್ನೆಲ್ಲ ಹೇಳಲಾರಳು. ಕನ್ನಡದಲ್ಲಿ ಕೇಳಿಕೊಂಡು, ಮರಾಠಿಯಲ್ಲಿ ವೈದ್ಯರಿಗೆ ತಿಳಿಸಿ, ಇಂಗ್ಲಿಷಿನಲ್ಲಿ ವರದಿ ಬರೆಯಬಲ್ಲವರು ಅಲ್ಲಿ ಬೇಕು. ಕನ್ನಡ ಸಾಲೆಗೆ ಹಾಕಿ ಮಗುವನ್ನು ಹಿಂದೆ ಇಟ್ಟೆವೋ ಏನೋ ಎಂದು ಕೊರಗುವ ಪಾಲಕರು ನಮ್ಮಲ್ಲಿದ್ದಾರೆ. ಕನ್ನಡವನ್ನೂ ಮರಾಠಿಯನ್ನೂ ಓದಿ ಬರೆಯಬಲ್ಲ ಈ ಮಕ್ಕಳ ಕೈಯಲ್ಲಿ ಇರುವ ಉಪಕರಣ ಪುಣೆ-ಮುಂಬಯಿಯ ಪದವೀಧರರಲ್ಲಿ ಎಷ್ಟು ಜನರಿಗಿದೆ? ಸರಕಾರವೇ ಇದರ ಬೆಲೆಯನ್ನು ಅರಿತಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯಲ್ಲಿ, 14416 ಎಂಬ ಸಂಖ್ಯೆಗೆ ಕರೆಮಾಡಿದವರಿಗೆ ಕನ್ನಡ, ಮರಾಠಿ ಮೊದಲಾದ ಭಾಷೆಗಳಲ್ಲಿ ಹಗಲಿರುಳೂ ಬಿಟ್ಟಿಯಾಗಿ ಸಲಹೆ ದೊರೆಯುತ್ತದೆ. ಆ ಕರೆಗೆ ಓಗೊಡುವುದೂ ಒಂದು ಉದ್ಯೋಗವೇ.

ಏಳು ವರ್ಷ ಓದಿಸುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ. ಬಿ.ಎ. ಆದಮೇಲೆ ವಿಶೇಷ ಮಕ್ಕಳ ಶಿಕ್ಷಣಕ್ಕಾಗಿಯೇ ಇರುವ ಬಿ.ಎಡ್. ಮಾಡಬಹುದು, ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಓದಬಹುದು. ಎಚ್.ಐ.ವಿ. ತಪಾಸಣೆಯ ಸರಕಾರಿ ಕೇಂದ್ರಗಳಲ್ಲಿ ಆಪ್ತಸಲಹೆಗಾರರ ಕೆಲಸಕ್ಕೆ ಮನೋವಿಜ್ಞಾನದವರನ್ನೂ ತೆಗೆದುಕೊಳ್ಳುತ್ತಾರೆ. ಎಂ.ಎ. ಆದವರಿಗೆ ಸಾಲೆಯ ಸಲಹೆಗಾರರ ಹುದ್ದೆ, ಕಾರಖಾನೆಗಳ ಸಿಬ್ಬಂದಿ ವಿಭಾಗ, ನೆಟ್ ಅಥವಾ ಸೆಟ್ ಪರೀಕ್ಷೆಯಾದರೆ ಅಧ್ಯಾಪನ. ಸೈನ್ಯದ ಅಧಿಕಾರಿಗಳನ್ನು ಆರಿಸುವ ಮಂಡಳಿಗಳಲ್ಲಿಯೂ ಮನೋವಿಜ್ಞಾನಿಗಳಿರುತ್ತಾರೆ. ಯಾವ ಓದು ಎಲ್ಲಿಗೆ ಮುಟ್ಟಿಸುವುದೆಂದು ಮೊದಲೇ ಹೇಳಲಾಗದು. ಲಂಡನ್ನಿನಲ್ಲಿ ಮನೋವಿಜ್ಞಾನ ಕಲಿತು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿದರು; ‘ಆಕಾಶವಾಣಿ’ ಎಂಬ ಹೆಸರು ನಾಡಿಗೆಲ್ಲ ಬಂದದ್ದು ಅಲ್ಲಿಂದ.

ವಿದ್ಯಾರ್ಥಿಗಳೇ, ಇದರಲ್ಲಿ ಗಣಿತವಿಲ್ಲವೆಂದು ನಂಬಿ ಈ ವಿಷಯವನ್ನು ಆರಿಸಬೇಡಿರಿ. ಸಂಖ್ಯಾಶಾಸ್ತ್ರವಿಲ್ಲದೆ ಮನೋವಿಜ್ಞಾನ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಉಚ್ಚ ತರಗತಿಗಳ ಪಠ್ಯಗಳು ಬಹುತೇಕ ಇಂಗ್ಲಿಷಿನವು. ಮೊದಲ ವರ್ಷದಿಂದಲೇ ದಿನಕ್ಕೆ ಎರಡು ಪುಟವನ್ನಾದರೂ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆದುಕೊಳ್ಳಿರಿ. ಡಾ. ಎಂ. ಶಿವರಾಂ ಅವರ ‘ಮನಮಂಥನ’ವನ್ನೂ, ಡಾ. ಸಿ.ಆರ್. ಚಂದ್ರಶೇಖರ ಅವರ ಪುಸ್ತಕಗಳನ್ನೂ ಈಗಲೇ ಓದಬಹುದು. ಹೆಣ್ಣುಮಕ್ಕಳ ತಂದೆತಾಯಿಗಳಲ್ಲಿ ಒಂದು ವಿನಂತಿ: ಮದುವೆಯ ಮಾತು ಬಂದಾಗ ಉಳಿದ ವರ್ಷಗಳ ಲೆಕ್ಕವನ್ನೂ ಬೀಗರ ಮುಂದೆ ಇಡಿರಿ. ಎಂ.ಎ.ಗೆ ಧಾರವಾಡವೂ ಇದೆ, ಮಿರಜದಿಂದ ರೈಲಿದೆ. ಅಲ್ಲಿಯೇ ಹಳೆಯ ಮಾನಸಿಕ ಆಸ್ಪತ್ರೆಯೂ ಇರುವುದರಿಂದ ಕನ್ನಡದ ರೋಗಿಗಳನ್ನು ಹತ್ತಿರದಿಂದ ಕಾಣುವ ಅನುಕೂಲವುಂಟು.

ಬರುವ ಜೂನಿನಲ್ಲಿ ಅರ್ಜಿ ತುಂಬುವವರು ಅದಕ್ಕೆ ಮೊದಲೇ ಕಾಲೇಜಿಗೆ ಹೋಗಿ, ಮನೋವಿಜ್ಞಾನವು ಕೊನೆಯ ವರ್ಷದವರೆಗೂ ಮುಖ್ಯ ವಿಷಯವಾಗಿ ಉಂಟೇ ಎಂದೂ, ಪ್ರಯೋಗಶಾಲೆ ಇದೆಯೇ ಎಂದೂ ಕೇಳಿಕೊಂಡು ಬರಬೇಕು. ಕೆಲವೆಡೆ ಮೊದಲ ವರ್ಷಕ್ಕೇ ವಿಷಯ ಮುಗಿದುಹೋಗುತ್ತದೆ. ಮಾಹಿತಿ ಪುಸ್ತಿಕೆಯನ್ನೂ ಗುಣಪತ್ರಿಕೆಯನ್ನೂ ಹಿಡಿದುಕೊಂಡು ರವಿವಾರ ಮುಂಜಾನೆ ಸಂಸ್ಥೆಯ ಕಚೇರಿಗೆ ಬನ್ನಿರಿ. ಕೂಡಿ ಕುಳಿತು ಓದೋಣ.