ಮನೆಯ ಕಿರ್ದಿ

(ಶಿಕ್ಷಕರೂ ಗೃಹಸ್ಥರೂ ನೆರೆದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಾಣ್ನುಡಿಯನ್ನು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ತಮ್ಮ ಮನೆಯ ಹಾಸಿಗೆಯ ಉದ್ದವೆಷ್ಟೆಂದು ಅಳೆದು ನೋಡಿದವರು ನಮ್ಮೊಳಗೆ ಎಷ್ಟು ಜನ? ಸಂಬಳವೆಷ್ಟೆಂದರೆ ತಡವರಿಸದೆ ಹೇಳುವೆವು. ಕಳೆದ ತಿಂಗಳು ಕಿರಾಣಿಗೆಷ್ಟು, ಔಷಧಕ್ಕೆಷ್ಟು, ಚಹದಂಗಡಿಗೆಷ್ಟು ಹೋಯಿತೆಂದರೆ ತಲೆ ತುರಿಸಿಕೊಳ್ಳುವೆವು.

ಪೇಟೆಯ ವರ್ತಕನನ್ನು ನೋಡಿರಿ. ಅಂಗಡಿ ಎಷ್ಟೇ ಚಿಕ್ಕದಿರಲಿ, ಅವನು ಕಿರ್ದಿ ಬರೆಯದೆ ಬಾಗಿಲು ಹಾಕುವದಿಲ್ಲ. ಮನೆಗೆ ಬೇಕಾದದ್ದು ಅದೇ ವಿದ್ಯೆ. ನೂರು ಪುಟದ ಒಂದು ವಹಿ ಸಾಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮುಂಜಾನೆಯ ಶಿಲ್ಕಿಗೆ ದಿನದ ಜಮಾ ಕೂಡಿಸಿ ಖರ್ಚು ಕಳೆದರೆ, ರಾತ್ರಿ ಕೈಯಲ್ಲಿರುವ ರೊಕ್ಕಕ್ಕೆ ಅದು ತಾಳೆಯಾಗಬೇಕು. ಆಗದಿದ್ದರೆ ಸುಳ್ಳು ಬಾಬನ್ನು ಕಲ್ಪಿಸಿ ಸರಿಮಾಡಬಾರದು. 'ನೆನಪಿಗೆ ಬಾರದ್ದು' ಎಂದೇ ಬರೆದು ಮುಂದೆ ಸಾಗಬೇಕು. ಕೆಲವು ವಾರಗಳಲ್ಲಿ ಆ ಬಾಬು ತಾನಾಗಿಯೇ ಇಳಿಯತೊಡಗುವದು. ಇನ್ನೊಂದು ಎಚ್ಚರ: ಸಾಲ ತಂದ ರೊಕ್ಕವೂ ಜಮಾದ ಕಡೆಗೇ ಬೀಳುವದರಿಂದ ಆ ತಿಂಗಳು ಮನೆ ಶ್ರೀಮಂತವಾಗಿ ಕಾಣುವದು. ಅದನ್ನು ಬೇರೆ ಪುಟದಲ್ಲಿ ಬರೆದಿಡಬೇಕು.

2016ರಲ್ಲಿ ಯುಪಿಐ ಬಂದ ಮೇಲೆ ಹಣವು ಕೈಯನ್ನು ಮುಟ್ಟದೆಯೇ ಹೋಗುತ್ತಿರುವದು. ನೋಟು ಮುರಿಸುವಾಗ ಆಗುತ್ತಿದ್ದ ಸಂಕಟವು ಮೊಬೈಲಿನ ತೆರೆಯನ್ನು ಒತ್ತುವಾಗ ಆಗದು. ಬರಹವೆಲ್ಲ ಬ್ಯಾಂಕಿನಲ್ಲಿ ಇರುವದಲ್ಲ ಎಂದು ಕೆಲವರು ಹೇಳುತ್ತಾರೆ. ಇರುವದು ನಿಜ, ಆದರೆ ಅಲ್ಲಿ ಅಂಗಡಿಕಾರನ ಹೆಸರು ಇರುವದೇ ಹೊರತು ಕೊಂಡದ್ದು ಅಕ್ಕಿಯೋ ಕರಿದ ತಿಂಡಿಯೋ ತಿಳಿಯದು. ದಿನಕ್ಕೆ 40 ರೂಪಾಯಿಯ ಚಹ-ಫಳಾರವು ವರ್ಷಕ್ಕೆ 14,600 ಆಗುವದು. ಚಹ ಬಿಡಿರೆಂದು ನಾವು ಹೇಳುತ್ತಿಲ್ಲ (ನಾವೂ ಬಿಟ್ಟಿಲ್ಲ). ಬೆಲೆ ತಿಳಿದು ಕುಡಿಯೋಣ.

ಮೂರು ತಿಂಗಳು ಹೀಗೆ ಬರೆದ ಮೇಲೆಯೇ ಅಂದಾಜುಪತ್ರಿಕೆಗೆ ಕೈಹಾಕಬೇಕು. ಮೊದಲ ದಿನವೇ ಮನಸ್ಸಿಗೆ ಬಂದ ಅಂಕಿಗಳನ್ನು ಹಾಕಿದ ಅಂದಾಜು ಎರಡನೆಯ ವಾರಕ್ಕೆ ಮುರಿಯುವದು. ಮುರಿಯುವದಕ್ಕೆ ದೊಡ್ಡ ಕಾರಣ ದುಂದುಗಾರಿಕೆಯಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚು. ಜೂನಿನಲ್ಲಿ ಶಾಲೆಯ ಫೀ 24,000, ವಿಮೆಯ ಕಂತು 18,000, ಹಬ್ಬದ ಬಟ್ಟೆಬರೆ 15,000, ಮನೆಯ ಕರ 3,000 ಎಂದಿಟ್ಟುಕೊಳ್ಳೋಣ. ಒಟ್ಟು 60,000. ದೀಪಾವಳಿ ಪ್ರತಿ ವರ್ಷವೂ ಬರುವದಾದರೂ ನಾವು ಅದನ್ನು ಹೇಳದೆ ಬಂದ ಬೀಗರಂತೆ ಎದುರುಗೊಂಡು ಸಾಲಕ್ಕೆ ಓಡುತ್ತೇವೆ. ತಿಂಗಳಿಗೆ 5,000 ಬೇರೆ ತೆಗೆದಿಟ್ಟರೆ ಓಟ ತಪ್ಪುವದು. ನಮ್ಮ ತಾಯಂದಿರು ಸಾಸಿವೆಯ ಡಬ್ಬಿಯಲ್ಲಿ ಮಾಡುತ್ತಿದ್ದುದು ಇದನ್ನೇ. ಈಗ ಅದಕ್ಕೆ ಬ್ಯಾಂಕಿನ ಇನ್ನೊಂದು ಖಾತೆ ಆದೀತು.

ಸಾಲದ ಮಾತು. ನೂರಕ್ಕೆ ಎರಡರ ಬಡ್ಡಿ ಎಂದರೆ ಹಗುರಾಗಿ ಕೇಳುವದು. ತಿಂಗಳಿಗೆ ಎರಡೆಂದರೆ ವರ್ಷಕ್ಕೆ ಇಪ್ಪತ್ತುನಾಲ್ಕು. 50,000ಕ್ಕೆ ವರ್ಷದ ಬಡ್ಡಿಯೇ 12,000. ಅಸಲು ಇದ್ದಲ್ಲಿಯೇ ಇರುವದು. ಇಂಥ ಬಡ್ಡಿಯಿಂದ ರೈತನನ್ನು ಬಿಡಿಸಬೇಕೆಂಬ ವಿಚಾರವು ಕನ್ನಡ ನಾಡಿಗೆ ಹೊಸದಲ್ಲ. 1904ರಲ್ಲಿ ಸಹಕಾರಿ ಪತ್ತಿನ ಕಾಯದೆಯಾದ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಕಟ್ಟಿದರು. ಆದರೆ ಎಂಥ ಸಂಘವೂ ನಮ್ಮ ವಹಿಯನ್ನು ನಮಗಾಗಿ ಬರೆಯದು. ಹೆಚ್ಚು ಬಡ್ಡಿಯ ಸಾಲ ಮೊದಲು ತೀರಲಿ. ಉಳಿತಾಯದ ಹಿಗ್ಗು ಆಮೇಲೆ.

ಗಂಡಸರಿಗೊಂದು ವಿಜ್ಞಾಪನೆ. ವಹಿಯು ಹೆಂಡತಿಯ ಮೇಲಿನ ಪಹರೆಯಲ್ಲ. ಉಪ್ಪಿನ ಲೆಕ್ಕ ಕೇಳುವವನು ತನ್ನ ಎಲೆ-ಅಡಿಕೆಯ ಲೆಕ್ಕವನ್ನೂ ಬರೆಯಲಿ. ಇಬ್ಬರೂ ಕೂಡಿ ಅಂದಾಜು ಮಾಡಿ, ಲೆಕ್ಕ ಕೇಳದ ಒಂದಿಷ್ಟು ಕೈಖರ್ಚನ್ನು ಪ್ರತಿಯೊಬ್ಬರಿಗೂ ಬಿಡಬೇಕು. ಅಷ್ಟೂ ಸ್ವಾತಂತ್ರ್ಯವಿಲ್ಲದ ಮನೆಯಲ್ಲಿ ವಹಿಯೇ ಸುಳ್ಳು ಹೇಳತೊಡಗುವದು.

ಒಂದನೆಯ ತಾರೀಖಿಗಾಗಿ ಯಾರೂ ಕಾಯಬೇಕಾಗಿಲ್ಲ. ಈ ರಾತ್ರಿ ಕಿಸೆಯಲ್ಲಿಯೂ ಡಬ್ಬಿಯಲ್ಲಿಯೂ ಬ್ಯಾಂಕಿನಲ್ಲಿಯೂ ಇರುವ ರೊಕ್ಕವನ್ನು ಕೂಡಿಸಿ, ಅದನ್ನೇ ಮೊದಲ ಪುಟದ ಶಿಲ್ಕೆಂದು ಬರೆಯಬಹುದು.