ಠಾಣೆಯ ಲೆಕ್ಕ ಊರಿಗೂ ಸಿಗಲಿ



ಕಳೆದ ತಿಂಗಳು ನಿಮ್ಮ ಬಡಾವಣೆಯಲ್ಲಿ ಎಷ್ಟು ಸರಗಳ್ಳತನ ನಡೆಯಿತು, ಎಷ್ಟು ಮನೆಗಳ ಬೀಗ ಮುರಿದರು? ಖಚಿತವಾಗಿ ಹೇಳಬಲ್ಲವರು ಈ ಸಭೆಯಲ್ಲಿ ಸಿಗುವುದು ಕಷ್ಟ. ಠಾಣೆಯ ಕಡತದಲ್ಲಿ ಮಾತ್ರ ಲೆಕ್ಕವಿದೆ. ನಮ್ಮ ಸಂಕಟದಿಂದಲೇ ಹುಟ್ಟಿದ ಆ ಲೆಕ್ಕ ನಮಗೂ ಸಿಗಬೇಕು ಎಂದು ಕೇಳಲು ನಾನಿಲ್ಲಿ ನಿಂತಿದ್ದೇನೆ.

ಎಲ್ಲವನ್ನೂ ಮುಚ್ಚಿಟ್ಟಿದ್ದಾರೆ ಎನ್ನಲಾರೆ. ದೇಶದ ಅಪರಾಧಗಳ ವಾರ್ಷಿಕ ವರದಿ 1953ರಿಂದಲೂ ಬರುತ್ತಿದೆ. ಆದರೆ 2023ರ ವರದಿ ನಮ್ಮ ಕೈಗೆ ಬಂದದ್ದು 2025ರ ಸೆಪ್ಟೆಂಬರ್ ಕೊನೆಗೆ. ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದದ್ದನ್ನಷ್ಟೇ ಅದು ಎಣಿಸುತ್ತದೆ. ಅತ್ಯಾಚಾರ ಮಾಡಿ ಕೊಂದರೆ ಅದು ಅತ್ಯಾಚಾರದ ಎಣಿಕೆಗೆ ಸೇರುವುದಿಲ್ಲ. ಇನ್ನು, ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಲೈಂಗಿಕ ದೌರ್ಜನ್ಯ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ, ಅದು ಸರಿಯೇ. ಆದರೆ ಒಂದೊಂದೇ ಎಫ್‌ಐಆರ್ ತೆರೆದು ಓದಿದರೆ ಊರಿನ ಒಟ್ಟು ಸ್ಥಿತಿ ತಿಳಿಯುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಎಫ್‌ಐಆರ್ ಆಗದೆ ಉಳಿದ ದೂರುಗಳು. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ದೂರಿನಲ್ಲಿ ಕಂಡುಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ತೀರ್ಪು ಕೊಟ್ಟಿದೆ. ಆದರೂ ಠಾಣೆ ಹತ್ತಿದವರಿಗೆ ಗೊತ್ತು: ‘ಅರ್ಜಿ ಕೊಟ್ಟು ಹೋಗಿ, ವಿಚಾರಣೆ ಮಾಡ್ತೀವಿ’ ಎನ್ನುತ್ತಾರೆ, ಕೆಲವು ದಿನಗಳ ಮೇಲೆ ಒಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಜೇಬಿನಿಂದ ಕದ್ದ ಫೋನು ‘ಕಳೆದುಹೋಗಿದೆ’ ಎಂದು ದಾಖಲಾಗುತ್ತದೆ. ಹೀಗೆ ಕಡಿಮೆಯಾದ ಸಂಖ್ಯೆಯನ್ನು ನಾವು ಶಾಂತಿ ಎಂದುಕೊಳ್ಳುತ್ತೇವೆ.

ಇದರಲ್ಲಿ ನಮ್ಮ ಪಾಲೂ ಇದೆ. ಪ್ರಕರಣಗಳು ಏರಿದರೆ ಪತ್ರಿಕೆಗಳು ದಪ್ಪಕ್ಷರದಲ್ಲಿ ಬರೆಯುತ್ತವೆ, ಸದನದಲ್ಲಿ ಗಲಾಟೆಯಾಗುತ್ತದೆ, ಮೇಲಧಿಕಾರಿ ಇನ್‌ಸ್ಪೆಕ್ಟರನ್ನು ಕರೆದು ಕೇಳುತ್ತಾರೆ. ದಾಖಲಿಸಿಕೊಂಡವನಿಗೆ ಬೈಗುಳ, ವಾಪಸು ಕಳಿಸಿದವನಿಗೆ ಹೆಸರು! ಬಂದ ದೂರನ್ನೆಲ್ಲ ಬರೆದುಕೊಂಡ ಠಾಣೆಯನ್ನು ಮೆಚ್ಚುವುದನ್ನು ನಾವು ಮೊದಲು ಕಲಿಯಬೇಕು.

ಇಂಗ್ಲೆಂಡಿನಲ್ಲಿ 2011ರಿಂದ ಬೀದಿವಾರು ಅಪರಾಧ ನಕ್ಷೆ ಎಲ್ಲರಿಗೂ ಸಿಗುತ್ತದೆ. ಸಂತ್ರಸ್ತರ ಮನೆ ಗೊತ್ತಾಗದಂತೆ ಜಾಗವನ್ನು ತುಸು ಅಂದಾಜಾಗಿ ತೋರಿಸುತ್ತಾರೆ. ಅಷ್ಟಾದರೂ 2014ರಲ್ಲಿ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆ ಕೆದಕಿದಾಗ, ಜನ ವರದಿ ಮಾಡಿದ ಅಪರಾಧಗಳಲ್ಲಿ ಸುಮಾರು ಶೇ. 19ರಷ್ಟು ದಾಖಲೇ ಆಗಿರಲಿಲ್ಲ. ಹಿಂಸೆಯ ಪ್ರಕರಣಗಳಲ್ಲಿ ಅದು ಶೇ. 33! ಅಂಕಿ ಪ್ರಕಟಿಸಿದರಷ್ಟೇ ಸಾಲದು, ಹೊರಗಿನವರು ಅದನ್ನು ಪರೀಕ್ಷಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮಲ್ಲಿ ಪ್ರತಿ ಠಾಣೆಯೂ ತಿಂಗಳಿಗೊಮ್ಮೆ ಹೇಳಲಿ: ಬಂದ ದೂರು ಎಷ್ಟು, ಎಫ್‌ಐಆರ್ ಆದದ್ದು ಎಷ್ಟು, ಹಿಂಬರಹ ಎಷ್ಟು, ದೋಷಾರೋಪ ಪಟ್ಟಿ ಸಲ್ಲಿಸಿದ್ದು ಎಷ್ಟು, ಸುಳ್ಳು ಅಥವಾ ಸಾಕ್ಷ್ಯವಿಲ್ಲ ಎಂದು ಮುಗಿಸಿದ ‘ಬಿ’ ರಿಪೋರ್ಟ್, ಆರೋಪಿ ಪತ್ತೆಯಾಗಲಿಲ್ಲ ಎಂದು ಮುಗಿಸಿದ ‘ಸಿ’ ರಿಪೋರ್ಟ್ ಎಷ್ಟು. ಪೊಲೀಸರ ಮೇಲೆ ಬಂದ ದೂರುಗಳೂ ಅದರಲ್ಲಿರಲಿ. ಪೊಲೀಸ್ ಸುಧಾರಣೆ ಕುರಿತು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ತೀರ್ಪನ್ನು ಅನುಸರಿಸಿ ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಕ್ಕೆ ಅವಕಾಶ ಮಾಡಿತು. ಅದು ಇದೆಯೆಂದೇ ಬಹಳ ಜನರಿಗೆ ಗೊತ್ತಿಲ್ಲ.

ಒಂದು ಅಳುಕಿದೆ. ಇಂಥ ಲೆಕ್ಕದಿಂದ ಬಡವರ ಕೇರಿಗಳಿಗೆ ‘ಕಳ್ಳರ ಜಾಗ’ ಎಂಬ ಹಣೆಪಟ್ಟಿ ಬೀಳಬಾರದು. ಅದಕ್ಕೇ ವಂಚನೆ, ಚಿಟ್ ಫಂಡ್ ಮೋಸ, ಸೈಬರ್ ಅಪರಾಧಗಳೂ ಅದೇ ಪಟ್ಟಿಯಲ್ಲಿ ಕಾಣಬೇಕು.

ನಿಮ್ಮ ಠಾಣೆಯ ಮುಂದಿನ ಜನಸಂಪರ್ಕ ಸಭೆಗೆ ದಯವಿಟ್ಟು ಹೋಗಿ. ಬಂದ ದೂರು, ಆದ ಎಫ್‌ಐಆರ್, ಕೊಟ್ಟ ಹಿಂಬರಹ, ಈ ಮೂರು ಸಂಖ್ಯೆ ಕೇಳಿ. ಹೇಳದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ.