ಮೋರ್ಯರ ಗುಡ್ಡದ ಕಲ್ಲುಬಾಗಿಲು
(ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂದು ನಿಮ್ಮ ಮುಂದೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಲು ನಿಂತಿದ್ದೇನೆ. ಕಳೆದ ವರ್ಷ ಆರನೇ ತರಗತಿಯ ಕನ್ನಡ ಪೀರಿಯಡ್ಡಿನಲ್ಲಿ ‘ಕಾಡಿನಲ್ಲಿ ಕಂಡ ಮಾಯಾ ಬಾಗಿಲು’ ಎಂಬ ವಿಷಯ ಕೊಟ್ಟು ಒಂದು ಪುಟ ಬರೆಯಲು ಹೇಳಿದೆ. ವಿಜಯನಗರ, ರಾಜಾಜಿನಗರದ ಗಲ್ಲಿಗಳಲ್ಲಿ ಬೆಳೆದ ಮಕ್ಕಳು. ಕೆಂಗೇರಿ ಕಡೆಯ ತುರಹಳ್ಳಿ ಕಾಡನ್ನು ನೋಡಿದವರೂ ಅವರಲ್ಲಿ ಕಡಿಮೆ. ಆದರೂ ಪುಟ ತುಂಬ ಬರೆದರು. ಹೆಚ್ಚಿನವರ ಬಾಗಿಲ ಹಿಂದೆ ಅಲೀಬಾಬಾನ ಗುಹೆಯಂತೆ ಚಿನ್ನವೇ ಚಿನ್ನ. ಒಬ್ಬ ಹುಡುಗಿ ಮಾತ್ರ ಐದೇ ಸಾಲು ಬರೆದಿದ್ದಳು: ಬಾಗಿಲ ಆಚೆ ತೀರಿಹೋದ ನಾನಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರಂತೆ, ‘ಊಟ ಆಯ್ತಾ ಬೇಟಿ?’ ಎಂದು ಕೇಳಿದರಂತೆ. ನಾನು ಕೆಂಪು ಶಾಯಿಯಲ್ಲಿ ‘ವಿಷಯಕ್ಕೆ ಸಂಬಂಧವಿಲ್ಲ’ ಎಂದು ಬರೆದು ಹತ್ತಕ್ಕೆ ಮೂರು ಅಂಕ ಕೊಟ್ಟೆ.

ಆ ದಸರಾ ರಜೆಯಲ್ಲಿ ಗಂಗಾವತಿಯ ಸಂಬಂಧಿಕರ ಮನೆಗೆ ಹೋಗಿದ್ದಾಗ, ಅವರು ನನ್ನನ್ನು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡಕ್ಕೆ ಕರೆದೊಯ್ದರು. ಬಂಡೆಗಳ ನಡುವೆ, ಕುರುಚಲು ಕಾಡಿನಲ್ಲಿ ನಡೆದು ಮೇಲೇರಿದಾಗ ಒಂದು ಊರೇ ಎದುರಾಯಿತು. ನಿಲ್ಲಿಸಿದ ಕಲ್ಲುಚಪ್ಪಡಿಗಳೇ ಗೋಡೆ, ಮೇಲೆ ಹೊದಿಸಿದ ಚಪ್ಪಡಿಯೇ ಸೂರು. ಎದುರಿನ ಚಪ್ಪಡಿಯಲ್ಲಿ ದುಂಡಗೆ ಕೊರೆದ ಒಂದು ಕಂಡಿ. ನೋಡಿದರೆ ಯಾರೋ ಒಳಗಿದ್ದಾರೇನೋ ಎನಿಸುತ್ತದೆ. ಊರಿನವರು ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಹಿಂದೆ ಇಲ್ಲಿ ಮೋರ್ಯರೆಂಬ ಕುಳ್ಳ ಜನ ವಾಸವಾಗಿದ್ದರೆಂದು ಕಥೆ.

ಪುರಾತತ್ವಜ್ಞರು ಹೇಳುವುದು ಬೇರೆ. ಇವು ಬೃಹತ್ ಶಿಲಾಯುಗದ ಸಮಾಧಿ ಸ್ಮಾರಕಗಳು. ಸುಮಾರು 400 ಇವೆ. ಎರಡು ಸಾವಿರ ವರ್ಷಗಳಿಗೂ ಹಳೆಯವು. ಅಂದರೆ ಈ ಬಾಗಿಲು ಬದುಕಿದ್ದವರಿಗಾಗಿ ಮಾಡಿದ್ದಲ್ಲ, ಅಗಲಿದವರಿಗಾಗಿ. 19ನೇ ಶತಮಾನದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ನಮ್ಮ ಭಾಗದ ಇಂಥ ಕಲ್ಲುಮನೆಗಳ ಬಗ್ಗೆ ಬರೆದಿಟ್ಟರು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಆದರೆ ಎಷ್ಟೋ ಚಪ್ಪಡಿಗಳು ಉರುಳಿ ಬಿದ್ದಿವೆ. ಕೆಲವು ಕಾಲದ ಹೊಡೆತಕ್ಕೆ, ಕೆಲವು ನಿಧಿಗಳ್ಳರ ಹಾರೆಗೆ. ಬಾಗಿಲ ಹಿಂದೆ ಚಿನ್ನವೇ ಇರಬೇಕೆಂದು ನಂಬಿದವರು ಅವರು. ನಮ್ಮ ತರಗತಿಯ ಮಕ್ಕಳು ಬರೆದದ್ದೂ ಅದನ್ನೇ. ನಾನು ಒಳ್ಳೆಯ ಅಂಕ ಕೊಟ್ಟದ್ದೂ ಅದಕ್ಕೇ!

ಉರ್ದು ಓದುವವರಿಗೆ ‘ತಿಲಿಸ್ಮ್-ಎ-ಹೋಶ್‌ರುಬಾ’ ಗೊತ್ತಿರುತ್ತದೆ. 1883ರಿಂದ ಲಖನೌದ ನವಲ್ ಕಿಶೋರ್ ಪ್ರೆಸ್ ಸಂಪುಟ ಸಂಪುಟವಾಗಿ ಹೊರತಂದ ಮಾಯಾಲೋಕದ ದಾಸ್ತಾನ್ ಅದು. ಅಂಥ ದಾಸ್ತಾನ್‌ಗಳಲ್ಲಿ ತಿಲಿಸ್ಮ್ ಅನ್ನು ಬರೀ ತೋಳ್ಬಲದಿಂದ ಗೆಲ್ಲಲಾಗದು. ನಾಯಕನಿಗೆ ‘ಲೌಹ್’ ಸಿಗಬೇಕು. ಲೌಹ್ ಎಂದರೆ ಬರಹದ ಹಲಗೆ, ನಮ್ಮ ಮಕ್ಕಳ ಸ್ಲೇಟಿನಂಥದ್ದು. ಅದನ್ನು ಓದಿ ಅರ್ಥ ಮಾಡಿಕೊಂಡವನಿಗೇ ದಾರಿ. ಹಾರೆ ಹಿಡಿದವನಿಗೆ ಹಿರೇಬೆಣಕಲ್‌ನಲ್ಲಿ ಸಿಗುವುದು ಮಣ್ಣು. ಓದಲು ಕಲಿತವನಿಗೆ ಸಿಗುವುದು ತಮ್ಮವರನ್ನು ಮರೆಯಲೊಪ್ಪದ ಒಂದು ಜನಾಂಗದ ಮನಸ್ಸು. ಆ ಮನಸ್ಸನ್ನು ಗುಡ್ಡ ನೋಡದೆಯೇ ತಿಳಿದಿದ್ದವಳು ಆ ಹುಡುಗಿ. ಓದಲು ಬಾರದೆ ಹೋದದ್ದು ಬಿ.ಎಡ್. ಮಾಡಿದ ನನಗೆ.

ರಜೆ ಮುಗಿದ ಮೇಲೆ ಅವಳ ನೋಟ್‌ಬುಕ್ ಕೇಳಿ ಪಡೆದು, ನನ್ನ ಷರಾ ಹೊಡೆದು ಹಾಕಿದೆ. ಗುಡ್ಡದ ಫೋಟೋ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, “ಟೀಚರ್, ಕಂಡಿ ಇಷ್ಟು ಚಿಕ್ಕದಾ? ನಾನಿ ಬಗ್ಗಿ ಬರ್ಬೇಕಾಗುತ್ತೆ, ಅವರಿಗೆ ಸೊಂಟ ನೋವು” ಎಂದಳು. ಅಂಕ ಎಷ್ಟಾಯಿತೆಂದು ಅವಳು ಕೇಳಲೇ ಇಲ್ಲ.

ವಿದ್ಯಾರ್ಥಿಗಳೇ, ಬಾಗಿಲು ಕಂಡರೆ ಒಳಗೇನು ಸಿಗುತ್ತದೆ ಎಂದಷ್ಟೇ ಕೇಳಬೇಡಿ. ಯಾರು ಕಟ್ಟಿದರು, ಯಾರಿಗಾಗಿ ಎಂದೂ ಕೇಳಿ. ಶಿಕ್ಷಕ ಮಿತ್ರರೇ, ಕೆಂಪು ಪೆನ್ನು ಎತ್ತುವ ಮುನ್ನ ಇನ್ನೊಮ್ಮೆ ಓದೋಣ.